ಜುಟ್ಟಮ್ಮನ ದುಂಡು ಮರಿಗಳು

ಮಕ್ಕಳೇ, ಒಂದು ಕೆರೆಯ ಏರಿಯ ಕೆಳಗೆ, ನೀರಿನ ಅಂಚಿನಲ್ಲಿ, ದೊಡ್ಡದೊಂದು ಪೊದೆಯಿತ್ತು. ಅದರಲ್ಲಿ ಜುಟ್ಟಮ್ಮ ಎಂಬ ಪಿಕಳಾರ ಹಕ್ಕಿ ಗೂಡು ಕಟ್ಟಿದ್ದಳು. ಪಕ್ಕದ ತೇಗದ ಗಿಡದಲ್ಲಿ, ಎಲೆ ಹೊಲಿದು ಮಾಡಿದ ಗೂಡಿನಲ್ಲಿ, ಸೂಜಕ್ಕ ಎಂಬ ಸಿಂಪಿಗ ಹಕ್ಕಿಯ ಸಂಸಾರ. ದೇವರ ದಯೆ, ಇಬ್ಬರ ಮನೆಯಲ್ಲೂ ಒಂದೇ ದಿನ ಮೂರು ಮೂರು ಮರಿಗಳಾದವು.

ಏರಿಯ ಮೇಲಿನ ಆಲದ ಮರ ಹಣ್ಣು ಬಿಟ್ಟ ಕಾಲ ಅದು. ಜುಟ್ಟಮ್ಮ ಬೆಳಗಿನಿಂದ ಬೈಗಿನವರೆಗೆ ಹಣ್ಣನ್ನೇ ತಂದು ತಂದು ತಿನ್ನಿಸಿದಳು. ವಾರ ಕಳೆಯುವುದರೊಳಗೆ ಮರಿಗಳು ನಿಂಬೆಹಣ್ಣಿನಂತೆ ದುಂಡಗಾದವು. ಅವಳ ಹೆಮ್ಮೆ ಕೇಳಬೇಕೆ? ಹೋಗುವ ಬರುವ ಹಕ್ಕಿಗಳನ್ನೆಲ್ಲ ನಿಲ್ಲಿಸಿ, "ನನ್ನ ಮಕ್ಕಳನ್ನು ನೋಡಿಕೊಂಡು ಹೋಗಿ. ದೃಷ್ಟಿ ಮಾತ್ರ ಹಾಕಬೇಡಿ!" ಎನ್ನುವಳು.

ಸೂಜಕ್ಕನ ಮರಿಗಳೋ ಕಡ್ಡಿಯಂತಿದ್ದವು.

"ಏನು ಸೂಜಕ್ಕ, ಮಕ್ಕಳನ್ನ ಉಪವಾಸ ಕೆಡವಿದ್ದೀಯಾ?" ಎಂದು ಜುಟ್ಟಮ್ಮ ಕೇಳಿದಳು.

"ಇಲ್ಲವ್ವ, ಹೊಟ್ಟೆ ತುಂಬಾ ಹುಳು ಕೊಡ್ತೀನಿ. ಬೆಳೆಯೋ ಮಕ್ಕಳು ನೋಡು. ಹಣ್ಣಿನ ಜೊತೆ ನಿನ್ನ ಮಕ್ಕಳಿಗೂ ನಾಲ್ಕು ಹುಳು ಕೊಡಬಾರದೇ?"

"ಒಂದು ದಿನ ಮಿಡತೆ ತಂದಿದ್ದೆ. ಕಾಲು ಗಂಟಲಿಗೆ ಚುಚ್ಚುತ್ತೆ ಅಂತ ಮೂರೂ ಉಗಿದವು. ಬಾಯಿ ಬಿಟ್ಟು ಕೇಳಿದ್ದನ್ನ ಕೊಡೋ ಶಕ್ತಿ ನನಗಿದೆ. ಹುಳು ಹುಡುಕೋ ಕರ್ಮ ನನಗ್ಯಾಕೆ?"

ಸೂಜಕ್ಕ ತನ್ನ ಮರಿಗಳಿಗೆ ಹುಳು ತರಲು ಹಾರಿಹೋದಳು.

ಹನ್ನೆರಡನೆಯ ದಿನ ಬೆಳಿಗ್ಗೆ ಕೆಂಗಣ್ಣಿನ ಕೆಂಬೂತ ಹಕ್ಕಿಯೊಂದು, ತಿನ್ನಲು ಮರಿಗಳನ್ನು ಹುಡುಕುತ್ತಾ ಪೊದೆಗೆ ನುಗ್ಗಿತು. ಸೂಜಕ್ಕ ಕೂಗಿದ್ದೇ ತಡ, ಅವಳ ಮೂರೂ ಮರಿಗಳು ಪುರ್ರನೆ ಹಾರಿ ಆಲದ ಕೊಂಬೆ ಸೇರಿದವು.

"ಹಾರಿ ಮಕ್ಕಳೇ, ಹಾರಿ!" ಎಂದು ಜುಟ್ಟಮ್ಮ ಅರಚಿದಳು.

ಮರಿಗಳು ರೆಕ್ಕೆ ಬಡಿದವು. ರೆಕ್ಕೆಯಲ್ಲಿ ಗರಿಯೇ ಸರಿಯಾಗಿ ಮೂಡಿರಲಿಲ್ಲ. "ಅಮ್ಮಾ, ಮೈ ಮೇಲೇಳ್ತಿಲ್ಲ!" ಎಂದು ಎಲ್ಲಕ್ಕಿಂತ ದಪ್ಪನೆಯದು ಅತ್ತಿತು.

ಕೆಂಬೂತ ನಕ್ಕಿತು. "ಎಷ್ಟು ಚೆನ್ನಾಗಿ ಸಾಕಿದ್ದೀಯಮ್ಮ! ನನಗೋಸ್ಕರವೇ ಸಾಕಿದ ಹಾಗಿದೆ."

ಜುಟ್ಟಮ್ಮ ಅದರ ಕಣ್ಣಿಗೇ ಹಾರಿದಳು. ಸೂಜಕ್ಕನೂ ಬಂದು ಬೆನ್ನಿಗೆ ಕುಕ್ಕಿದಳು. ಕೆಂಬೂತ ಹಿಂದೆ ಸರಿಯುತ್ತಾ, "ಇರಲಿ, ಇವು ಎಲ್ಲಿಗೆ ಹೋಗ್ತವೆ? ಇನ್ನಷ್ಟು ಕೊಬ್ಬಲಿ, ಐದು ದಿನ ಬಿಟ್ಟು ಹೆಂಡತಿಯನ್ನೂ ಕರ್ಕೊಂಡು ಬರ್ತೀನಿ" ಎಂದು ಹೋಯಿತು.

ಜುಟ್ಟಮ್ಮ ತಲೆ ತಗ್ಗಿಸಿ ಬಂದಳು. "ಸೂಜಕ್ಕ, ಹುಳು ಎಲ್ಲಿ ಸಿಗುತ್ತೆ, ತೋರಿಸ್ತೀಯಾ?"

"ಬಾ, ಹೊತ್ತು ಕಳೀಬೇಡ."

ಅಂದಿನಿಂದ ಜುಟ್ಟಮ್ಮ ಕೆರೆಯಂಚಿನ ಹುಲ್ಲೆಲ್ಲ ಜಾಲಾಡಿದಳು. ಮಿಡತೆಯ ಕಾಲು ಮುರಿದು, ಮೆತ್ತಗೆ ಮಾಡಿ ತಂದಳು. ಮರಿಗಳು ಮುಖ ತಿರುಗಿಸಿದವು.

"ಎರಡು ಹುಳು ತಿಂದವರಿಗೆ ಒಂದು ಹಣ್ಣು" ಎಂದಳು. ಎಷ್ಟು ಅತ್ತರೂ ಮಾತು ಬದಲಿಸಲಿಲ್ಲ. ಹಸಿದ ಮರಿಗಳು ಕೊನೆಗೆ ಬಾಯಿ ತೆರೆದವು. ದಿನದಿನಕ್ಕೂ ಗರಿ ಮೂಡಿತು, ರೆಕ್ಕೆಗೆ ಕಸುವು ಬಂತು.

ಐದನೆಯ ದಿನ ಕೆಂಬೂತ ಹೆಂಡತಿಯೊಡನೆ ಬಂತು. ಎರಡು ಮರಿಗಳು ಹಾರಿಯೇ ಬಿಟ್ಟವು. ದಪ್ಪನೆಯದು ಮಾತ್ರ ಕೊಂಬೆಯ ತುದಿಯಲ್ಲಿ ನಡುಗುತ್ತಾ ನಿಂತಿತು. ಕೆಂಬೂತ ಇನ್ನೇನು ಕೊಕ್ಕು ಚಾಚಬೇಕು, ಮರಿ ಕಣ್ಣು ಮುಚ್ಚಿ ರೆಕ್ಕೆ ಬಡಿಯಿತು. ಮೊದಲು ಕೆಳಗೆ ಜಾರಿತು, ಆಮೇಲೆ ನೀರಿನ ಮೇಲೆಯೇ ಸಾಗಿ, ಮೇಲೆದ್ದು, ಆಲದ ಎತ್ತರದ ಕೊಂಬೆಯಲ್ಲಿ ಹೋಗಿ ಕುಳಿತಿತು!

"ಇದೇನಾ ನೀವು ಹೇಳಿದ ಔತಣ?" ಎಂದು ಹೆಂಡತಿ ಗಂಡನನ್ನು ಕುಕ್ಕಿದಳು.

ಜುಟ್ಟಮ್ಮ ಮೂರೂ ಮಕ್ಕಳನ್ನು ನೋಡುತ್ತಾ ನಿಂತುಬಿಟ್ಟಳು.

ಸೂಜಕ್ಕ ನಕ್ಕಳು. "ಈಗ ಎಷ್ಟು ಬೇಕೋ ಅಷ್ಟು ಹೆಮ್ಮೆ ಪಡವ್ವ. ಯಾರೂ ಬೇಡ ಅನ್ನಲ್ಲ."

ನೀತಿ: ಮೈ ದುಂಡಗಿದ್ದ ಮಾತ್ರಕ್ಕೆ ಬಲ ಬಾರದು, ಬೆಳೆಯುವ ಮಕ್ಕಳು ನಾಲಿಗೆಗೆ ರುಚಿಸಿದ ಒಂದನ್ನೇ ತಿನ್ನದೆ, ಮೈಗೆ ಬೇಕಾದ ಎಲ್ಲ ಬಗೆಯ ಆಹಾರವನ್ನೂ ತಿನ್ನಬೇಕು.