ಬೊಪ್ಪರಸನ ಗಣಿಯ ರೋಬೋಟು

ಕಬ್ಬಿಣಗಿರಿಯ ಅರಸ ಬೊಪ್ಪರಸ ಬೀದಿಬೀದಿಯಲ್ಲಿ ಡಂಗುರ ಸಾರಿಸಿದ. ವಿದ್ಯಾಶಾಲೆಯ ವಿದ್ಯಾರ್ಥಿಗಳು ಗಣಿಗೆ ಹೊಸ ರೋಬೋಟು ಕಟ್ಟಬೇಕು. ಅದಕ್ಕೆ ಸಾಫ್ಟ್‌ವೇರಿನ ಯಾವ ಆವೃತ್ತಿ ಹಾಕಬೇಕೆಂದು ತೀರ್ಮಾನಿಸುವ ಮುಖಂಡತನ ಬೇಕೆನ್ನುವವರು ಅರಸರ ಮೂರು ಒಗಟು ಬಿಡಿಸಬೇಕು. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ, ತಪ್ಪಿದವರಿಗೆ ತಲೆದಂಡ.

ಡಂಗುರದ ಹಿಂದಿನ ದುಃಖ ಊರಿಗೆಲ್ಲ ಗೊತ್ತಿತ್ತು. ಗಣಿಯೊಳಗೆ ಆಗಾಗ ವಿಷಗಾಳಿ ಏಳುತ್ತಿತ್ತು. ದಿನವೂ ಮೊದಲು ರೋಬೋಟು ಇಳಿದು ಗಾಳಿ ಪರೀಕ್ಷಿಸುತ್ತಿತ್ತು. ಅದು ಕೆಂಪು ದೀಪ ಹತ್ತಿಸದಿದ್ದರೆ ಜನ ಇಳಿಯುತ್ತಿದ್ದರು. ಹಿಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅದು ನಡುದಾರಿಯಲ್ಲೇ ನಿಂತುಬಿಟ್ಟಿತು. ಕೆಂಪು ದೀಪ ಕಾಣಲಿಲ್ಲವೆಂದು ಇಳಿದವರು ಯಾರೂ ಮರಳಲಿಲ್ಲ. ಅವರೊಡನೆ ಗಣಿ ನೋಡಲು ಹೋಗಿದ್ದ ರಾಜಕುಮಾರ ಕೇತರಸನೂ ಮರಳಲಿಲ್ಲ. ರೋಬೋಟು ಕಟ್ಟಿದ ವಿದ್ಯಾರ್ಥಿಗಳನ್ನು ಸೆರೆಗೆ ತಳ್ಳಿದರು. ಗಣಿ ಮುಚ್ಚಿತು, ಊರಿನ ಕುಲುಮೆಗಳು ತಣ್ಣಗಾದವು.

ಮೊದಲು ಮುಂದೆ ಬಂದವನು ಮಂತ್ರಿಯ ಮಗ ಜಯಾದಿತ್ಯ. ಅರಸ ಕೇಳಿದ: "ಒಂದು ಮನೆಯಲ್ಲಿ ಮೂವರು ಅಣ್ಣತಮ್ಮಂದಿರು. ಕಿರಿಯವನಿಗೆ ಕಸುವು ಹೆಚ್ಚು, ಆದರೆ ಅವನ ಕಾಯಿಲೆ ಏನೆಂದು ಇನ್ನೂ ಯಾರಿಗೂ ಗೊತ್ತಿಲ್ಲ. ಹಿರಿಯವನು ಎಂದೂ ಬಿದ್ದವನಲ್ಲ, ಆದರೆ ಅವನ ವೈದ್ಯ ತೀರಿಕೊಂಡಿದ್ದಾನೆ. ನಡುವಿನವನ ಮೈತುಂಬ ಗಾಯದ ಕಲೆ. ಹೊಲಿಗೆ ಹಾಕಿದ ವೈದ್ಯ ಮಾತ್ರ ಇನ್ನೂ ಇದ್ದಾನೆ. ತುಂಬಿದ ಹೊಳೆ ದಾಟಲು ಯಾರ ಹೆಗಲು ಏರುತ್ತೀ?"

ಜಯಾದಿತ್ಯ ಯೋಚಿಸದೆ ಕಿರಿಯವನೆಂದ. ತಲೆದಂಡದ ದಿನ ಗೊತ್ತಾಗುವವರೆಗೆ ಇರಲೆಂದು ಅವನನ್ನು ಸೆರೆಗೆ ಒಯ್ದರು. ಮರುದಿನ ಬಂದ ಉಪಾಧ್ಯಾಯ ಮಾಧವಾರ್ಯ ಬಹಳ ಹೊತ್ತು ಲೆಕ್ಕ ಹಾಕಿ, ಎಂದೂ ಬೀಳದ ಹಿರಿಯವನೇ ಸರಿ ಎಂದ. ಅವನೂ ಸೆರೆಗೆ ಹೋದ. ಆಮೇಲೆ ಅರಮನೆಯತ್ತ ಯಾರೂ ಸುಳಿಯಲಿಲ್ಲ.

ಆಗ ಹೊರಟವಳು ಬಳೆಗಾರರ ಮನೆಯ ಸಾತವ್ವ. ಶಾಲೆಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಸೆರೆಯಲ್ಲಿದ್ದ ವಿದ್ಯಾರ್ಥಿಗಳಲ್ಲಿ ಅವಳ ಅಕ್ಕ ನಿಂಗವ್ವನೂ ಒಬ್ಬಳು. "ಒಬ್ಬಳು ಒಳಗಿದ್ದಾಳೆ. ನೀನೂ ಹೋದರೆ ನಾನು ಯಾರ ಮುಖ ನೋಡಲಿ?" ಎಂದು ತಾಯಿ ಅವಳ ಸೆರಗು ಹಿಡಿದಳು. ಸಾತವ್ವ ಸೆರಗು ಬಿಡಿಸಿಕೊಂಡು ನಡೆದಳು.

ಮೊದಲ ಒಗಟಿಗೆ ಅವಳು ನಡುವಿನವನ ಹೆಗಲು ಎಂದಳು. ಕಲೆಯೆಂದರೆ ವಾಸಿಯಾದ ಗಾಯ ತಾನೇ ಎಂದಳು. ಅರಸ ತಲೆಯಾಡಿಸಿ ಎರಡನೆಯದನ್ನು ಕೇಳಿದ: "ಅತ್ತೆ ಒಳ್ಳೆಯವಳು, ಸೊಸೆ ಒಳ್ಳೆಯವಳು, ಇಬ್ಬರೂ ಅಡುಗೆಯಲ್ಲಿ ಗಟ್ಟಿಗರು. ಆದರೂ ಆ ಮನೆಯಲ್ಲಿ ಒಲೆ ಹತ್ತಲಿಲ್ಲ, ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದು. ತಪ್ಪು ಯಾರದು?"

"ಭಾಷೆ ವಿಚಾರಿಸದೆ ಸಂಬಂಧ ಕುದುರಿಸಿದವರದು, ಪ್ರಭು."

ಅರಸ ಸಿಂಹಾಸನದಿಂದ ಇಳಿದು ಅವಳೆದುರು ನಿಂತ. ಅವನ ದನಿ ಕುಗ್ಗಿತ್ತು. "ಮೊದಲೇ ಕೊಟ್ಟರೆ ಉಡುಗೊರೆ, ಹೊರಡುವ ಹಿಂದಿನ ದಿನ ಕೊಟ್ಟರೆ ವಿಷ. ಅದು ಯಾವುದು? ನನ್ನ ಮಗನಿಗೆ ಅದನ್ನು ಕೊಟ್ಟವರು ಯಾರು?"

ಒಗಟಿನ ಮೊದಲ ಅರ್ಧ ಸಾತವ್ವನಿಗೆ ಆಗಲೇ ಹೊಳೆದಿತ್ತು. ಎರಡನೆಯ ಅರ್ಧಕ್ಕೆ ಸಭೆ ಬಯಸುವ ಉತ್ತರವೂ ಗೊತ್ತಿತ್ತು: ಅಕ್ಕನ ಹೆಸರು ಹೇಳಿದರೆ ತಾನು ಉಳಿಯುತ್ತಿದ್ದಳು.

"ಹೊಸ ಆವೃತ್ತಿ, ಪ್ರಭು. ಕೊಟ್ಟವರು ತಾವು."

ಮಂತ್ರಿ ಕಾವಲಿನವರಿಗೆ ಸನ್ನೆ ಮಾಡಿದ. ಅರಸ ಕೈಯೆತ್ತಿ ತಡೆದ. ಸಾತವ್ವ ಬಿಡದೆ ಹೇಳಿದಳು. ರೋಬೋಟು ನಿಂತ ದಿನದ ಹಿಂದಿನ ಸಂಜೆ ಅವಳು ಅಕ್ಕನಿಗೆ ರೊಟ್ಟಿ ತೆಗೆದುಕೊಂಡು ಕಾರ್ಯಾಗಾರಕ್ಕೆ ಹೋಗಿದ್ದಳು. ಅರಮನೆಯ ದೂತ ಅಲ್ಲಿಗೆ ಬಂದ. ನೆರೆಯ ಅರಸನ ರೋಬೋಟುಗಳಲ್ಲಿ ಹೊಸ ಆವೃತ್ತಿಯಿದೆ, ರಾಜಕುಮಾರರು ಗಣಿ ನೋಡುವ ದಿನ ನಮ್ಮದರಲ್ಲೂ ಅದೇ ಇರಬೇಕು ಎಂದ. ಪರೀಕ್ಷಿಸಲು ಕಾಲ ಕೊಡಿ ಎಂದು ನಿಂಗವ್ವ ಕಾಲಿಗೆ ಬಿದ್ದಳು. ಅಪ್ಪಣೆಯಾಗಿದೆ ಎಂದಷ್ಟೇ ಹೇಳಿ ದೂತ ಹೊರಟುಹೋದ. ಆ ರಾತ್ರಿಯೇ ಹಾಕಿದ ಹೊಸ ಆವೃತ್ತಿ ಉಳಿದ ಸಾಫ್ಟ್‌ವೇರಿಗೆ ಹೊಂದದೆ ಬೆಳಿಗ್ಗೆ ರೋಬೋಟು ನಿಂತುಬಿಟ್ಟಿತು.

ಈ ಪ್ರಶ್ನೆಯನ್ನು ತಾನು ದಿನವೂ ತನ್ನನ್ನೇ ಕೇಳಿಕೊಳ್ಳುತ್ತಿದ್ದೆನೆಂದೂ, ಯಾರಾದರೂ ಬೇರೆ ಹೆಸರು ಹೇಳಲಿ ಎಂದು ಆಸೆಪಟ್ಟಿದ್ದೆನೆಂದೂ ಅರಸ ಒಪ್ಪಿಕೊಂಡ. ಸಭೆಗೆ ಅರ್ಥವಾಗುವಂತೆ ಬಿಡಿಸಿ ಹೇಳು ಎಂದ.

ಸಾತವ್ವ ಹೇಳಿದಳು. ಅಣ್ಣತಮ್ಮಂದಿರೆಂದರೆ ಆವೃತ್ತಿಗಳು. ತೀರ ಹೊಸದರ ದೋಷಗಳು ಇನ್ನೂ ಹೊರಬಿದ್ದಿರುವುದಿಲ್ಲ. ತೀರ ಹಳೆಯದನ್ನು ತಿದ್ದುವವರು ಉಳಿದಿರುವುದಿಲ್ಲ. ಬಹುಕಾಲ ಬಳಕೆಯಾಗಿ, ದೋಷ ಕಂಡಾಗಲೆಲ್ಲ ತಿದ್ದಿಸಿಕೊಳ್ಳುತ್ತಿರುವುದನ್ನೇ ನಂಬಬೇಕು. ಅತ್ತೆ ಸೊಸೆ ಎಂದರೆ ರೋಬೋಟನ್ನು ನಡೆಸುವ ಬೇರೆಬೇರೆ ಸಾಫ್ಟ್‌ವೇರುಗಳು. ಪ್ರತಿಯೊಂದೂ ಒಳ್ಳೆಯದಾದರೆ ಸಾಲದು, ಒಂದಕ್ಕೊಂದು ಹೊಂದುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಯಾವ ಬದಲಾವಣೆಗೂ ಪರೀಕ್ಷಿಸುವಷ್ಟು ಕಾಲ ಬೇಕು.

ಏನು ಬೇಕೆಂದು ಅರಸ ಕೇಳಿದಾಗ ಅವಳು ಸೆರೆಯಲ್ಲಿದ್ದವರೆಲ್ಲರ ಬಿಡುಗಡೆ ಕೇಳಿದಳು. ಜಯಾದಿತ್ಯ, ಮಾಧವಾರ್ಯರನ್ನೂ ಸೇರಿಸಿದಳು. ಅರಸ ಒಪ್ಪಿ, ಮುಖಂಡತನದ ಮುದ್ರೆಯುಂಗುರವನ್ನು ಅವಳ ಕೈಗೆ ಕೊಟ್ಟ. ಆಮೇಲೆ ಮೆಲ್ಲಗೆ ಕೇಳಿದ: "ನನಗೇನು ದಂಡ?"

"ಅದು ನನಗೆ ಗೊತ್ತಿಲ್ಲ, ಪ್ರಭು. ಗಣಿಯವರ ಮನೆಗಳಲ್ಲಿ ಕೇಳಬೇಕು."

ಅಕ್ಕತಂಗಿಯರು ಸೇರಿ ಹೊಸ ರೋಬೋಟು ಕಟ್ಟಿದರು. ಅದು ನಿಧಾನವಾಗಿ ನಡೆಯುತ್ತಿತ್ತು, ನೋಡಲೂ ಚೆಂದವಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಅದು ಗಣಿಯ ತಳ ಮುಟ್ಟಿ, ಗಾಳಿ ಶುದ್ಧವಿದ್ದರಷ್ಟೇ ಹತ್ತುವ ಹಸಿರು ದೀಪ ಹತ್ತಿಸಿತು. ದೀಪ ಕಂಡ ಮೇಲೂ ಜನ ಬಹಳ ಹೊತ್ತು ಅಳುಕುತ್ತ ನಿಂತಿದ್ದು, ಕೊನೆಗೆ ಒಬ್ಬೊಬ್ಬರಾಗಿ ಇಳಿದರು.

ಅರಸ ಅಷ್ಟರಲ್ಲಿ ಕಿರೀಟ ತೆಗೆದಿಟ್ಟು, ಗಂಡನನ್ನೋ ಮಗನನ್ನೋ ಕಳೆದುಕೊಂಡವರ ಕೇರಿಗೆ ಬರಿಗಾಲಲ್ಲಿ ಹೋಗತೊಡಗಿದ್ದ. ಕೆಲವರು ಒಳಗೆ ಕರೆದು ಚಾಪೆ ಹಾಕಿದರು. ಕೆಲವರು ಬಾಗಿಲು ತೆರೆಯಲಿಲ್ಲ. ಆ ಬಾಗಿಲುಗಳ ಮುಂದೆ ಅವನು ಸಂಜೆಯವರೆಗೂ ನಿಂತಿರುತ್ತಿದ್ದ.