ಎರಡು ದಡದ ವೀಳ್ಯ

ಯುದ್ಧಕ್ಕೆ ಹೊರಟವನಿಗೆ ಗುರುವಿನ ನೆನಪಾಗುವುದು ಎಲ್ಲ ತೀರ್ಮಾನವಾದ ಮೇಲೆಯೇ. ದಳವಾಯಿ ಮುದ್ದಯ್ಯನೂ ದಂಡನ್ನು ಹೊಳೆಯ ದಡದಲ್ಲಿ ನಿಲ್ಲಿಸಿ, ಆಮೇಲೆ ಗುರು ಬೋಧಯ್ಯನವರ ಗುಡಿಸಿಲಿಗೆ ಬಂದ.

ಗುರುಗಳು ಸೌದೆ ಸೀಳುತ್ತಿದ್ದರು. ತಲೆ ಎತ್ತಲಿಲ್ಲ.

“ಯುದ್ಧಕ್ಕೆ ಹೊರಟಿದ್ದೀನಿ. ಹಣೆಗೆ ವಿಭೂತಿ ಇಡಿ.”

“ಯಾರ ಜಗಳ?”

“ದೂರದ ಎರಡು ಪಾಳೆಯದವರದು. ಒಂದು ಕೆರೆ ನೀರಿಗೆ.”

“ಆ ಕೆರೇಲಿ ನಿನ್ನ ದೊರೆಗೆ ಒಂದು ಬೊಗಸೆ ನೀರಾದರೂ ಇದೆಯಾ?”

“ಇಲ್ಲ. ಆದರೆ ನೆರವಿಗೆ ಬರುತ್ತೀವಿ ಅಂತ ಅವರಲ್ಲೊಬ್ಬರ ವೀಳ್ಯ ಹಿಡಿದಿದ್ದೀವಿ. ಅವರು ಕರೆದರೆ ಹೋಗಲೇಬೇಕು. ಆಚೆ ದಡದವರು ಇನ್ನೊಬ್ಬರ ವೀಳ್ಯ ಹಿಡಿದಿದ್ದಾರೆ.”

“ನಿನ್ನ ದೊರೆಗೆ ಆ ವೀಳ್ಯ ಹಿಡಿಸಿದವನು ಯಾರು?”

“ನಾನೇ. ಇಷ್ಟು ಜನ ಒಟ್ಟಾದರೆ ಯಾರೂ ತಂಟೆಗೆ ಬರಲ್ಲ ಅಂದುಕೊಂಡೆ.”

ಗುರುಗಳು ಕೊಡಲಿಯನ್ನು ದಿಮ್ಮಿಗೆ ಕಚ್ಚಿಸಿದರು.

“ಇವತ್ತೇ ಯಾಕೆ ಹೊಳೆ ದಾಟಬೇಕು?”

“ನಾವು ದಾಟದಿದ್ದರೆ ಅವರು ದಾಟುತ್ತಾರೆ. ಮೊದಲು ದಾಟಿದವನೇ ಗೆಲ್ಲೋದು. ಸುಗ್ಗಿಯೊಳಗೆ ಎಲ್ಲ ಮುಗಿಯುತ್ತೆ, ಗುರುಗಳೇ. ಮುಂದಿನ ಸಾಲಿನಲ್ಲಿ ನನ್ನ ಮಗನನ್ನೇ ನಿಲ್ಲಿಸಿದ್ದೀನಿ.”

“ಹಂಪಣ್ಣನೂ ಹೀಗೇ ಅಂದ.”

ಮುದ್ದಯ್ಯ ಬೆಚ್ಚಿದ. ಹಂಪಣ್ಣ ಆಚೆ ದಡದ ದಳವಾಯಿ. ಇಬ್ಬರೂ ಇದೇ ಗುಡಿಸಿಲಲ್ಲಿ ಒಂದೇ ಗಡಿಗೆಯ ಅಂಬಲಿ ಕುಡಿದು ಬೆಳೆದವರು.

“ನಿನ್ನೆ ಹರಿಗೋಲಲ್ಲಿ ಬಂದಿದ್ದ. ನನಗೆ ಯುದ್ಧ ಬೇಡ, ಆದರೆ ಮುದ್ದಯ್ಯ ದಾಟುತ್ತಾನಲ್ಲ ಅಂದ. ಅವನ ಮಗನೂ ಮುಂದಿನ ಸಾಲಿನಲ್ಲೇ ಇದ್ದಾನೆ.”

“ಹಂಪಣ್ಣ ದಾಟದೆ ನಿಂತರೆ ನಾನೂ ನಿಲ್ಲುತ್ತೀನಿ!”

“ಹೋಗಿ ಅವನಿಗೆ ಹೇಳು.”

ಅಷ್ಟರಲ್ಲಿ ಹೊಳೆಯ ಕಡೆಯಿಂದ ನಗಾರಿ ಕೇಳಿತು; ದಂಡು ನೀರಿಗಿಳಿದಿತ್ತು. ಬಿಸಿಲು ಏರುತ್ತಲೇ ನೀರಿಗಿಳಿಯಿರಿ ಎಂದು ಅಪ್ಪಣೆ ಕೊಟ್ಟವನು ಮುದ್ದಯ್ಯನೇ. ಈಗ ಹಿಂದಕ್ಕೆ ಕರೆದರೆ, ನಡುಹೊಳೆಯಲ್ಲಿ ಬೆನ್ನು ತಿರುಗಿಸಿದವರನ್ನು ಆಚೆಯವರ ಬಾಣ ಬಿಡುವುದಿಲ್ಲ.

ಅವನಿಗೆ ರೋಷ ಉಕ್ಕಿತು. “ನಿನ್ನೆಯೇ ನನಗೆ ಹೇಳಬಾರದಿತ್ತಾ?”

“ನಿನ್ನ ಬಿಡಾರಕ್ಕೆ ಬಂದಿದ್ದೆ ಕಣೋ. ಆಚೆ ದಡದ ಬೇಹಿನವನು ಅಂತ ನಿನ್ನ ಕಾವಲಿನವರು ಕುತ್ತಿಗೆ ಹಿಡಿದು ನೂಕಿದರು.”

ಮುದ್ದಯ್ಯ ಹೊಳೆಯ ಕಡೆ ತಿರುಗಿದ. ಅಲ್ಲಿಂದ ಕೂಗು ಏಳುತ್ತಿತ್ತು.

“ವಿಭೂತಿಯನ್ನಾದರೂ ಕೊಡಿ,” ಎಂದ.

ಸೀಳಿದ ಸೌದೆಯನ್ನೆಲ್ಲ ಗುರುಗಳು ಅವನ ಕಾಲ ಬಳಿ ಎಸೆದರು.

“ಮೊದಲು ಇದನ್ನು ಚಿತೆಗೆ ಹೊರು. ಸಂಜೆಗೆ ಬೂದಿ ಬೇಕಾದಷ್ಟಾಗುತ್ತೆ. ಅದರಲ್ಲಿ ನಿನ್ನ ಮಗ ಯಾರು, ಹಂಪಣ್ಣನ ಮಗ ಯಾರು ಅಂತ ಇಬ್ಬರೂ ಕೂತು ಆರಿಸಿಕೊಳ್ಳಿ.”