ಕಿಟಕಿಯಿಲ್ಲದ ಶಾಲೆ

"ಇಡೀ ಭೂಮಂಡಲದಲ್ಲೇ ಇಂಥ ಶಾಲೆ ಇನ್ನೊಂದು ಇರಬಾರದು!" ಎಂದು ಹೊನ್ನಾಳಪಟ್ಟಣದ ರಾಜ ಬೊಮ್ಮರಸ ಮೀಸೆ ತಿರುವಿದ.

ಪಟ್ಟಣದ ಮಕ್ಕಳಿಗೆ ಶಾಲೆ ಕಟ್ಟಿಸುತ್ತೇನೆ ಅಂದಿದ್ದ, ಪುಣ್ಯಾತ್ಮ. ಆದರೆ ನಕ್ಷೆಯಲ್ಲಿ ಗೋಡೆಯ ಮೇಲೆಲ್ಲ ಅವನ ಯುದ್ಧಗಳದೇ, ಯುದ್ಧದ ಆನೆಗಳದೇ ಕೆತ್ತನೆ. ಜೋಡಿ ಕದದ ಬಾಗಿಲ ಮೇಲೆ ಅವನ ಕುದುರೆ: ಒಂದು ಕದಕ್ಕೆ ತಲೆ, ಇನ್ನೊಂದಕ್ಕೆ ಬಾಲ.

"ಕಿಟಕಿ ಎಲ್ಲಿಡಲಿ, ಪ್ರಭು?" ಶಿಲ್ಪಿ ಸಿಂಗೋಜ ಮೆಲ್ಲಗೆ ಕೇಳಿದ.

"ಕಿಟಕಿಯೇ? ನನ್ನ ಆನೆಯ ಹೊಟ್ಟೆಗೆ ತೂತು ಕೊರೆಯುತ್ತೀಯೇನಯ್ಯ? ಮಕ್ಕಳು ಬರುವುದು ಓದೋಕೆ, ಗಾಳಿ ಸೇವಿಸೋಕಲ್ಲ!"

ಅಲ್ಲೇ ಕೂತಿದ್ದ ಆಸ್ಥಾನದ ಜಾಣ ಕೇತಪ್ಪ ಇದನ್ನೆಲ್ಲ ಕೇಳಿಸಿಕೊಂಡ. ಅವನ ಮೊಮ್ಮಗಳು ಕಾಳವ್ವ ಶಾಲೆ ಯಾವಾಗ ಅಂತ ದಿನಾ ಪ್ರಾಣ ತಿನ್ನುತ್ತಿದ್ದಳು. ಅಯ್ಯೋ, ಆ ಮಗು ಈ ಕತ್ತಲಲ್ಲಿ ಕೂರಬೇಕೇ!

ಆದರೂ ನಗುತ್ತಲೇ ಎದ್ದ. "ಭೇಷ್, ಪ್ರಭು! ಮೊದಲು ಬಿದಿರು ತಟ್ಟಿಯಲ್ಲಿ ಇದೇ ಅಳತೆಗೆ, ಇದೇ ಆನೆ ಕುದುರೆಗಳ ಚಿತ್ರ ಬರೆಸಿ ಒಂದು ಮಾದರಿ ಕಟ್ಟೋಣ. ಶಾಲೆ ಕಟ್ಟಿಸಿದವರೇ ಅಲ್ಲಿ ಮೊದಲು ಕೂತು ಅಕ್ಕಿಯಲ್ಲಿ ಅಕ್ಷರ ತಿದ್ದಬೇಕು. ನಮ್ಮೂರ ಪದ್ಧತಿಯಲ್ಲವೇ?"

"ಆಗಲಿ! ಊರೆಲ್ಲ ನೋಡಲಿ!"

ಬಿರುಬೇಸಿಗೆಯ ನಡುಮಧ್ಯಾಹ್ನ ಊರೆಲ್ಲ ನೆರೆಯಿತು. ಬೊಮ್ಮರಸ ರೇಷ್ಮೆ ಉಟ್ಟು ಒಳಗೆ ಹೋಗಿ, ಗೋಡೆಗೆ ಅಂಟಿಕೊಂಡು ಅಕ್ಕಿ ತಟ್ಟೆಯ ಮುಂದೆ ಕೂತ. ಮೇಷ್ಟ್ರು ಕೇತಪ್ಪನೇ. ಬಾಗಿಲು ದಬ್ ಎಂದು ಮುಚ್ಚಿತು.

"ಬರೆಯಿರಿ ಪ್ರಭು, ಓಂ."

"ತಟ್ಟೆಯೇ ಕಾಣದಲ್ಲೋ! ಉಸಿರು ಕಟ್ಟುತ್ತಿದೆ!"

"ಓದೋಕೆ ಬಂದಿದ್ದೀರಿ ಪ್ರಭು, ಗಾಳಿ ಸೇವಿಸೋಕಲ್ಲ."

"ಬಾಗಿಲಾದರೂ ತೆಗಿ, ಮಾರಾಯ!"

"ಅಯ್ಯಯ್ಯೋ! ತೆಗೆದರೆ ನಿಮ್ಮ ಕುದುರೆ ಎರಡು ಹೋಳಾಗುತ್ತದಲ್ಲ! ಜನ ಏನಂದಾರು?"

ಬೊಮ್ಮರಸನಿಗೆ ಬೆವರು ಧಾರಾಕಾರ. ಅಕ್ಕಿ ಕೈಗೆಲ್ಲ ಅಂಟಿತು. ಒಂದಿಷ್ಟು ಹೊತ್ತು ತಾಳಿಕೊಂಡ, ಪಾಪ. ಕೊನೆಗೆ ತಟ್ಟೆ ಒದ್ದು, ಕೂತಲ್ಲಿಂದಲೇ ಕಠಾರಿ ಹಿರಿದು ತಟ್ಟಿಯನ್ನು ಪರಪರ ಸೀಳಿ, ತಲೆ ಹೊರಗೆ ಹಾಕಿದ.

ಹೊರಗಿನ ಜನಕ್ಕೆ ಕಂಡಿದ್ದೇನು? ಚಿತ್ರದ ಆನೆಯ ಹೊಟ್ಟೆಯಿಂದ ಇಣುಕುತ್ತಿರುವ ಮಹಾರಾಜರ ಮುಖ! ಕಿರೀಟ ಬಿದಿರಿಗೆ ಸಿಕ್ಕಿಕೊಂಡಿತ್ತು. ಜನ ಸೆರಗು, ಪಂಚೆಗಳಲ್ಲಿ ಬಾಯಿ ಮುಚ್ಚಿಕೊಂಡರು.

"ಏನು ನೋಡುತ್ತೀಯೋ ಸಿಂಗೋಜ, ನನ್ನನ್ನು ಬಿಡಿಸು!"

ಅಷ್ಟರಲ್ಲಿ ಕೇತಪ್ಪ ಬಾಗಿಲು ತೆಗೆದು ಓಡಿಬಂದ. "ತಡಿ, ಸಿಂಗೋಜ! ಬಿಡಿಸುವ ಮುಂಚೆ ಸುತ್ತ ಸೀಮೆಸುಣ್ಣದಲ್ಲಿ ಗುರುತು ಹಾಕು. ಕೂತ ಮಕ್ಕಳಿಗೆ ಕಿಟಕಿ ಎಲ್ಲಿರಬೇಕು ಅಂತ ಪ್ರಭುಗಳು ಖುದ್ದಾಗಿ ತಲೆಯಿಟ್ಟು ತೋರಿಸುತ್ತಿದ್ದಾರೆ!"

ರಾಜ ಒಂದು ಕ್ಷಣ ಕಣ್ಣು ಕೆಂಪಗೆ ಮಾಡಿದ. ಆಮೇಲೆ ತಣ್ಣನೆ ಗಾಳಿಯೊಂದು ಬೆವೆತ ಮುಖಕ್ಕೆ ತಾಗಿತು ನೋಡಿ, ನಗು ತಡೆಯಲಾಗದೆ ತಟ್ಟಿಯೆಲ್ಲ ಅಲುಗಾಡುವಂತೆ ನಕ್ಕ.

"ಹಾಕಯ್ಯ ಗುರುತು! ಸಾಲಾಗಿ ನಾಲ್ಕೂ ಗೋಡೆಗೆ ಹಾಕು. ಆದರೆ ಪ್ರತಿ ಕಿಟಕಿಗೂ ನನ್ನ ತಲೆ ಕೇಳಬೇಡ!"